ಕೊನೆಯ ನಾಲ್ಕು ಸಾಲು

ಜನವರಿ ೯, ೧೯೬೭

ಅಕ್ಕಾ, ಎಮರಿ ಹೋಗಿಬಿಟ್ಟ. ಹೋದ ಮಂಗಳವಾರ ಕೊಟ್ಟಿಗೆಯ ಮಾಡಿನ ಹಿಮ ಎಳೆದು ಹಾಕುತ್ತಿದ್ದವನು ಏಣಿಯಿಂದ ಇಳಿದು, ಹೆಂಡತಿ ಬ್ಯೂಲಾಗೆ "ಸ್ವಲ್ಪ ಕೂತ್ಕೋತೀನಿ ಕಣೇ" ಅಂದನಂತೆ. ಕೂತವನು ಏಳಲಿಲ್ಲ.

ನೀನು ಒಹಾಯೋದಲ್ಲಿ ಇದ್ದಷ್ಟು ದಿನ ಇಂಥದ್ದನ್ನೆಲ್ಲ ನಿನಗೆ ಕಾಗದದಲ್ಲಿ ಬರೆಯುತ್ತಿದ್ದೆ. ನೀನು ಕಣ್ಣು ಮುಚ್ಚಿದ ಮೇಲೆ ಹಾಕಲು ವಿಳಾಸವಿಲ್ಲ. ಕೈ ಮಾತ್ರ ಕೇಳುವುದಿಲ್ಲ. ಅದಕ್ಕೇ ಈ ಪುಸ್ತಕ. ಯಾರೂ ಓದುವುದಿಲ್ಲ ಎನ್ನುವುದೇ ಇದರ ಸುಖ.

ನೆಲ ಸೊಂಟದಾಳದವರೆಗೆ ಹೆಪ್ಪುಗಟ್ಟಿದೆ. ಚಳಿಗಾಲದಲ್ಲಿ ಸತ್ತ ಎಲ್ಲರಂತೆ ಎಮರಿಯೂ ಸ್ಮಶಾನದ ಅಂಚಿನ ಕಲ್ಲುಕೋಣೆಯಲ್ಲಿ ಮೇ ತಿಂಗಳವರೆಗೆ ಕಾಯಬೇಕು. ಈ ಊರಿನ ಗುಂಡಿಗಳನ್ನೆಲ್ಲ ತೋಡಿದವನೇ ಅವನು. ಆ ಕೋಣೆಯ ಬೀಗದ ಕೈ ಅವನ ಅಂಗಿಯ ಜೇಬಿನಲ್ಲೇ ಸಿಕ್ಕಿತು. "ಸಾಯೋದಾದ್ರೆ ಚಳಿಗಾಲದಲ್ಲಿ ಸಾಯಬೇಕು ಕಣೋ ಲೈಮನ್. ನಿಂಗೆ ಪದ್ಯ ಕಟ್ಟೋಕೆ ಪುರಸೊತ್ತು ಸಿಗತ್ತೆ. ಜುಲೈನಲ್ಲಿ ಸತ್ತೋನ ಹಣೇಲಿ ಬರೀ ಅವಸರದ ಹಸಿ ಪದ್ಯ" ಎಂದು ನಗುತ್ತಿದ್ದ. ಮಾತು ಉಳಿಸಿಕೊಂಡ.

ಕ್ರಮ ನಿನಗೆ ಗೊತ್ತು. ಮಣ್ಣು ಮಾಡುವ ದಿನಕ್ಕೆ ಒಂದು ಪದ್ಯ ಬರೆಯುತ್ತೇನೆ. ಗುಂಡಿಯ ಬಳಿ ನಿಂತು ನನ್ನ ಹೆಂಡತಿ ನೆಟ್ಟಿ ಅದನ್ನು ಓದುತ್ತಾಳೆ. ಓದಿದ ಹಾಳೆಯನ್ನು ಎಮರಿ ಮಡಚಿ ಪೆಟ್ಟಿಗೆಯ ಮೇಲಿಟ್ಟು ಮೊದಲ ಸಲಿಕೆ ಮಣ್ಣು ಎಳೆಯುತ್ತಾನೆ. ಆಮೇಲೆ ನೆಟ್ಟಿ ಇನ್ನೊಂದು ಪ್ರತಿ ಬರೆದು ವಾರಪತ್ರಿಕೆಗೆ ಕಳಿಸುತ್ತಾಳೆ. ನಾನು ಕಲ್ಲುಗೋಡೆಯ ಆಚೆ ಟ್ರಕ್ಕಿನಲ್ಲಿ, ಗಾಜು ಏರಿಸಿ, ಎಂಜಿನ್ ಓಡಿಸಿಕೊಂಡು ಕೂತಿರುತ್ತೇನೆ. ತೊದಲುವ ನಾಲಿಗೆಯಿಂದ ಓದಲಾಗದು, ಬೇರೆ ಬಾಯಲ್ಲಿ ನನ್ನ ಸಾಲು ಕೇಳುವ ಎದೆಯೂ ನನಗಿಲ್ಲ. ಮಣ್ಣಿಗೆ ಹಾಕಿದ್ದನ್ನು ಕೆದಕಬಾರದು ಎಂದು ಪತ್ರಿಕೆಯಲ್ಲಿ ಬಂದದ್ದನ್ನೂ ಓದುವವನಲ್ಲ.

ಈಗ ಎಮರಿಗೇ ಬರೆಯಬೇಕಾಗಿ ಬಂತು. ಬಂದವರೆಲ್ಲ ಹೋಗಲೇಬೇಕು, ಮೇಲಿನವನು ಮಾಡಿದ್ದರಲ್ಲಿ ತಪ್ಪೆಂಬುದಿಲ್ಲ.

ಜನವರಿ ೨೬

ಹಾಲು ಕರೆಯುವಾಗ ಎರಡು ಪದ ಹೊಳೆದವು. ಹಸುಗಳ ಎದುರು ನನ್ನ ನಾಲಿಗೆ ಎಂದೂ ತೊದಲುವುದಿಲ್ಲ; ದೊಡ್ಡ ದನಿಯಲ್ಲಿ ಹೇಳಿಕೊಂಡೆ. ಕಂದು ಹಸು ತಿರುಗಿ ನೋಡಿ ಬಾಲದಲ್ಲಿ ಕಪಾಳಕ್ಕೆ ಕೊಟ್ಟಿತು. ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಕಾಣುತ್ತದೆ.

ನೆಟ್ಟಿಯ ಕತ್ತಿನ ಗಡ್ಡೆ ತೆಗೆದ ಮೇಲೆ ಅವಳ ದನಿ ಪಿಸುಮಾತಿಗೆ ಇಳಿದುಬಿಟ್ಟಿದೆ. ಕೋಳಿ ಕರೆಯಲು ತಟ್ಟೆ ಬಡಿಯುತ್ತಾಳೆ. ಎಮರಿಯ ಪದ್ಯ ಯಾರು ಓದುವುದೋ.

ಲೈಬ್ರರಿಯ ಮಿಸ್ ಪ್ರಾಟ್ ಬಂದಿದ್ದರು. ಮುಂದಿನ ಶನಿವಾರ ಸಂಜೆ ನನ್ನ ಹೆಸರಿನಲ್ಲಿ ಒಂದು ಸಭೆಯಂತೆ. "ನೀವು ಏನೂ ಮಾತಾಡೋದು ಬೇಡ ಮಿಸ್ಟರ್ ಕಾರ್ಲಿಸ್, ಮುಂದಿನ ಸಾಲಿನಲ್ಲಿ ಕೂತ್ಕೊಂಡಿದ್ರೆ ಸಾಕು. ನಿಮ್ಮ ಪದ್ಯಗಳನ್ನ ಮಕ್ಕಳು ಹೇಳ್ತಾರೆ." ನಾನು ಟ್ರಕ್ಕಿನಲ್ಲೇ ಕೂತಿರುತ್ತೇನೆ ಎನ್ನಲು ಬಾಯಿ ತೆಗೆದೆ, "ಟ" ಹೊರಡುವಷ್ಟರಲ್ಲಿ ಅವರು "ತುಂಬ ಸಂತೋಷ" ಎಂದು ಎದ್ದಾಗಿತ್ತು. ಒಳಗೆ ಒಲೆಯ ಬಳಿ ನೆಟ್ಟಿಯ ಕೈಯಿಂದ ಮುಚ್ಚಳ ಜಾರಿ ಬಿತ್ತು.

ಮುದುಕನಿಗೆ ಮರ್ಯಾದೆ ತಡವಾಗಿ ಬಂದರೂ ಬರುತ್ತದೆ. ತಾಳಿದವನು ಬಾಳಿಯಾನು ಎಂಬುದು ಸುಳ್ಳಲ್ಲ.

ಫೆಬ್ರವರಿ ೪

ಹೇಗೆ ಬರೆಯಲಿ ಅಕ್ಕಾ. ಕ್ರಮವಾಗಿಯೇ ಬರೆಯುತ್ತೇನೆ.

ಸಭೆ ತುಂಬಿತ್ತು. ಮಿಸ್ ಪ್ರಾಟ್ ನನ್ನ ಬಾಳನ್ನೆಲ್ಲ ಬಿಚ್ಚಿಟ್ಟರು. ತೊದಲುತ್ತಾನೆಂದು ಮೇಷ್ಟರು ಶಾಲೆಯಿಂದ ಓಡಿಸಿದ್ದು, ಅಕ್ಕ ಹಿಟ್ಟಿನ ಮಣೆಯ ಮೇಲೆ ಅಕ್ಷರ ಕಲಿಸಿದ್ದು (ನಿನ್ನ ಹೆಸರು ಬಂತು, ಕಣ್ಣು ಒದ್ದೆಯಾಯಿತು), ಕಂಡವರ ಹೊಲದಲ್ಲಿ ಆಳಾಗಿ ದುಡಿದು ಹಸು ಕಟ್ಟಿದ್ದು, ಅಪ್ಪನ ಮಣ್ಣಿನ ದಿನ ಬರೆದ ಮೊದಲ ಪದ್ಯ, ರಾಜ್ಯದ ಪತ್ರಿಕೆ "ಬೆಟ್ಟಸೀಮೆಯ ಕವಿ" ಎಂದು ಕರೆದದ್ದು, ಒಂದು ಪದ್ಯ ಶಾಲೆಯ ಪಠ್ಯಕ್ಕೆ ಸೇರಿದ್ದು. ಬಾಸ್ಟನ್ನಿನ ಒಬ್ಬ ಪ್ರೊಫೆಸರು ಬರೆದಿದ್ದಾರಂತೆ: "ಮುಗಿಸುವುದನ್ನು ಕಲಿಯಬೇಕಾದರೆ ಕಾರ್ಲಿಸರ ಕೊನೆಯ ಸಾಲುಗಳನ್ನು ನೋಡಿ." ನಾನು ಉಬ್ಬಿದೆ. ಟೈ ಬಿಗಿಯಾಯಿತು.

ಆಮೇಲೆ ಮಕ್ಕಳು ಎದ್ದು ನಿಂತು ಆ ಪಠ್ಯದ ಪದ್ಯವನ್ನೇ ಹೇಳಿದರು. ನೆಲ ಇನ್ನೂ ಹೆಪ್ಪುಗಟ್ಟದ ನವೆಂಬರಿನಲ್ಲಿ ಕೊಳದ ಎಳೆ ಹಿಮಗಡ್ಡೆ ಒಡೆದು ಮುಳುಗಿದ ಕಟಿಂಗರ ಮಗನಿಗೆ ಬರೆದದ್ದು. ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನವರೂ ದನಿಗೂಡಿಸಿದರು, ಎಲ್ಲರಿಗೂ ಬಾಯಿಪಾಠ. ನನ್ನ ತುಟಿಯೂ ಆಡುತ್ತಿತ್ತು. ಕೊನೆಯ ನಾಲ್ಕು ಸಾಲಿಗೆ ಬಂದೆವು. ನಾನು ಬರೆದದ್ದು ಇದು:

ಅಳಬೇಡ ತಾಯೆ, ಆ ದೇವರ ತೋಟಕ್ಕೆ
ಬೇಕಿತ್ತು ಹೊಸದೊಂದು ಹೂವು;
ಅವನಡಿಯ ಬಳಿಯಲ್ಲಿ ನಗುತಾಡುವನು ಕಂದ,
ಅಲ್ಲಿಲ್ಲ ಚಳಿಯು, ಇಲ್ಲ ನೋವು.

ಸಭೆ ಹೇಳಿದ್ದು ಬೇರೆ:

ಒಲೆಯ ಹಿಂದಿನ ತಂತಿಯಲಿ
ಎರಡು ಪುಟ್ಟ ಕೈಗವಸು,
ಇನ್ನೂ ಒದ್ದೆ.

ಅಷ್ಟೆ. ಅಷ್ಟಕ್ಕೇ ನಿಂತರು. ನನ್ನ ತುಟಿ ಮಾತ್ರ "ಅಳಬೇಡ" ಎಂದು ಒಂಟಿಯಾಗಿ ಆಡಿತು. ಆಮೇಲೆ ಚಪ್ಪಾಳೆ. ಮೂಗು ಒರೆಸಿಕೊಳ್ಳುವವರು, ನನ್ನ ಬೆನ್ನು ತಟ್ಟುವವರು. ನಾನು ತಿರುಗಿ ನೆಟ್ಟಿಯನ್ನು ನೋಡಿದೆ. ಅವಳು ತನ್ನ ಮಡಿಲು ನೋಡುತ್ತಿದ್ದಳು.

ಫೆಬ್ರವರಿ ೫

ಕೇಳಿದೆ. ಹೌದು ಅಂದಳು.

ಫೆಬ್ರವರಿ ೭

 ಇಂದು ಬೆಳಿಗ್ಗೆ ನೆಟ್ಟಿ ಗಂಜಿ ಬಡಿಸುತ್ತಿದ್ದಾಗ ನನ್ನ ಬಾಯಿ ತೆರೆಯಿತು.

"ಎ-ಎಲ್ಲದಕ್ಕೂ?"

"ಎಲ್ಲದಕ್ಕೂ ಅಲ್ಲ. ಮಿಸಸ್ ಡ್ರೂದ್ದು ಮುಟ್ಟಿಲ್ಲ. ತುಂಬಿದ ವಯಸ್ಸು, ಅವಳಿಗೆ ಸ್ವರ್ಗ ಸರಿಹೋಗ್ತಿತ್ತು." ಅವಳ ಪಿಸುದನಿ ಕೇಳಲು ನಾನು ಬಾಗಬೇಕು. ಕೋಪದಲ್ಲಿ ಬಾಗುವುದು ಎಷ್ಟು ಕಷ್ಟವೆಂದು ಈಗ ಗೊತ್ತಾಯಿತು.

"ನ-ನನ್ನ ಹೆಸರಲ್ಲಿ! ನನ್ನ ಹೆಸರು ಹಾಕಿ!"

"ಆ ಹುಡುಗನ ಅಮ್ಮ ಎದುರಿಗೇ ನಿಂತಿದ್ಲು ಲೈಮನ್. ನೀನು ನಾನು ಈಗ ಕೂತಿರೋಷ್ಟು ಹತ್ತಿರ. ದೇವರಿಗೆ ಹೂ ಬೇಕಿತ್ತಮ್ಮ, ಅದಕ್ಕೇ ನಿನ್ನ ಮಗನ್ನ ಮುಳುಗಿಸ್ದ ಅಂತ ಅವಳ ಮುಖ ನೋಡ್ಕೊಂಡು ಹೇಗೆ ಓದ್ಲಿ? ಬಾಯಿ ತೆಗೆದೆ. ಹಿಂದಿನ ದಿನ ಅವಳ ಅಡುಗೆಮನೇಲಿ ಕಂಡಿದ್ದು ಬಂತು. ಅದನ್ನ ಹೇಳಿ ನಿಲ್ಲಿಸ್ಬಿಟ್ಟೆ."

"ಆ-ಆಮೇಲೆ ನಂಗೆ ಹೇಳ್ಬೇಕಿತ್ತು."

"ಹೇಳೋಣ ಅಂತಾನೇ ಟ್ರಕ್ಕಿಗೆ ಬಂದೆ. ನೀನು ಗಾಜು ಏರಿಸ್ಕೊಂಡು ಕೂತಿದ್ದೆ. 'ಅತ್ರಾ?' ಅಂದೆ ನೀನು. 'ಅತ್ರು' ಅಂದೆ ನಾನು. ಎಷ್ಟು ಖುಷಿಪಟ್ಟೆ ನೀನು. ಹೇಗೆ ಹೇಳ್ಲಿ?"

ಪಾತ್ರೆ ತೆಗೆದುಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ಇದನ್ನೂ ಕೇಳಿಬಿಡು. ಎಮರಿಗೆ ಗೊತ್ತಿತ್ತು."

ಗೊತ್ತಿರದೆ ಏನು! ಹಾಳೆ ಮಡಚುವವನೇ ಅವನು. ಕಟಿಂಗರ ಹುಡುಗನ ದಿನ ಹಾಳೆ ನೋಡಿದನಂತೆ, ಇವಳ ಮುಖ ನೋಡಿದನಂತೆ, ಪೆಟ್ಟಿಗೆಯ ಮೇಲಿಟ್ಟು ಮಣ್ಣೆಳೆದು "ಇದು ಇಲ್ಲೇ ಇರ್ಲಿ ನೆಟ್ಟಿ" ಅಂದನಂತೆ. ಅಂದಿನಿಂದ ನನ್ನ ಸಾಲುಗಳನ್ನೆಲ್ಲ ಹೂತವನು ಅವನು. ಪ್ರತಿ ಶನಿವಾರ ನನ್ನ ಮೇಜಿನಲ್ಲಿ ಉಂಡ, ಪ್ರತಿ ಮಾರ್ಚಿನಲ್ಲಿ ಮೇಪಲ್ ಪಾಕ ಕುದಿಸುವ ನನ್ನ ಸಕ್ಕರೆಮನೆಯಲ್ಲಿ ಒಲೆಗೆ ಸೌದೆ ಒಡ್ಡಿದ. ಉಂಡ ಮನೆಗೇ ಎರಡು ಬಗೆದ. ಒಬ್ಬಳು ಮಗ್ಗುಲಲ್ಲಿ ಮಲಗಿ, ಒಬ್ಬ ಪಕ್ಕದಲ್ಲಿ ಕೂತು.

ಅವನಿಗೆ ನಾನು ಪದ್ಯ ಬರೆಯಬೇಕಂತೆ! ಸುಳ್ಳಿನ ಮನೆ ಎಂದಾದರೂ ಕುಸಿಯಲೇಬೇಕು. ಮೋಸ ಮಾಡಿದವನಿಗೆ ಮಣ್ಣೂ ತಂಪಲ್ಲ.

ಫೆಬ್ರವರಿ ೮

ಮೇಲಿನ ಕೊನೆಯ ಸಾಲು ಹೊಡೆದು ಹಾಕಬೇಕೆಂದು ಪುಸ್ತಕ ತೆಗೆದೆ. ಹೊಡೆಯಲಿಲ್ಲ. ಇರಲಿ.

ಫೆಬ್ರವರಿ ೨೦

ಮಾಡಿನ ಕೋಣೆಯಲ್ಲಿ ಮಲಗುತ್ತಿದ್ದೇನೆ. ಹಾಸಿಗೆ ಬೆಚ್ಚಗಿರಲೆಂದು ನೆಟ್ಟಿ ಮೆಟ್ಟಿಲ ಬುಡದಲ್ಲಿ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಾಳೆ. ನಾನು ಮುಟ್ಟುವುದಿಲ್ಲ. ಇಟ್ಟಿಗೆ ಅಲ್ಲೇ ಆರುತ್ತದೆ.

ಒಂದು ತೀರ್ಮಾನ ಮಾಡಿದೆ: ನನ್ನ ಪದ್ಯಗಳ ನಿಜವಾದ ಕೊನೆಗಳನ್ನೆಲ್ಲ ನೆನಪಿನಿಂದ ಮತ್ತೆ ಬರೆದು ಮಿಸ್ ಪ್ರಾಟ್ ಕೈಗೆ ಕೊಡುವುದು. ಕೂತೆ. ಎಲ್ಲವೂ ನೆನಪಿವೆ, ಒಂದಕ್ಷರ ಮರೆತಿಲ್ಲ. ಕಟಿಂಗರ ಹುಡುಗ ದೇವರ ತೋಟದ ಹೂವು. ಹ್ಯಾರಿಯೆಟ್ ಬೀನ್ ದೇವರ ತೋಟದ ಗುಲಾಬಿ. ಗರಗಸದ ಮಿಲ್ಲಿನಲ್ಲಿ ಹೋದ ಟಾಬರ್ ದೇವರ ತೋಟದ ಓಕ್ ಮರ. ಅವಳಿ ಮಕ್ಕಳು ಎರಡು ಮೊಗ್ಗು. ರಾಸ್ಕೋನ ಅಪ್ಪ, ಆ ಜಗಳಗಂಟ, ಅವನೂ ಏನೋ ಒಂದು ಗಿಡ.

ಆ ತೋಟದಲ್ಲಿ ಕಾಲಿಡಲು ಜಾಗವಿಲ್ಲದಂತೆ ಕಂಡಿತು. ಪೆನ್ನಿನ ಮಸಿ ಮುಗಿಯಿತು ಎಂದುಕೊಂಡು ಎದ್ದೆ. ಮಸಿ ಇತ್ತು.

ಮಾರ್ಚ್ ೭

ಊರಸಭೆ. ರಸ್ತೆಗೆ ಮರಳು ಹಾಕುವ ವಿಷಯಕ್ಕೆ ಮಧ್ಯಾಹ್ನದವರೆಗೆ ಕಚ್ಚಾಡಿ, ಊಟಕ್ಕೆ ಬೇಯಿಸಿದ ಅವರೆಕಾಳು, ಕಡುಬಿನಂಥ ರೊಟ್ಟಿ, ಸೇಬಿನ ಪೈ. ರಸ್ತೆಯ ಕೆಲಸ ನೋಡುವ ರಾಸ್ಕೋ ತಟ್ಟೆ ಹಿಡಿದು ನನ್ನ ಪಕ್ಕಕ್ಕೇ ಬಂದು ಕೂತ.

"ಏನಯ್ಯಾ ಕವಿ, ಮುಖ ಯಾಕೆ ಹುಳಿ ಮಜ್ಜಿಗೆ ಕುಡಿದೋರ ಥರ? ಪೈ ಕೆಟ್ಟಿದ್ಯಾ?"

"ಚೆ-ಚೆನ್ನಾಗಿದೆ."

"ಒಂದು ಕೇಳ್ಬೇಕು ಅಂತಿದ್ದೆ. ನಮ್ಮಪ್ಪಂದು ಬರೆದ್ಯಲ್ಲ, 'ಬೇಲಿ ಗೂಟಕ್ಕೆ ನೇತು ಹಾಕಿದ ಟೊಪ್ಪಿ, ತೆಗೆಯಲು ಯಾರಿಗೂ ಧೈರ್ಯವಿಲ್ಲ' ಅಂತ. ನಿಜವಾಗ್ಲೂ ತೆಗೆದಿಲ್ಲ ಕಣಯ್ಯಾ, ಇವತ್ತಿಗೂ. ಸತ್ತ ಮೇಲೂ ಬೈತಾನೆ ಅಂತ ಭಯ! ಅದು ನಿಂಗೆ ಹೇಗೆ ಗೊತ್ತಾಯ್ತು? ನೀನು ನಮ್ಮನೆ ಹತ್ರಾನೂ ಸುಳಿದೋನಲ್ಲ."

ನಾನು ಪೈ ನುಂಗಿದೆ. ಸುತ್ತ ಕೂತವರೆಲ್ಲ ನಗುತ್ತ, ತಲೆದೂಗುತ್ತ, ಅವರವರ ಮನೆಯ ಸಾಲು ಹೇಳತೊಡಗಿದರು. ಒಂದೂ ನನ್ನದಲ್ಲ. ಹೊಗಳಿಕೆ ಇಷ್ಟು ಉರಿಯುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಅಡುಗೆಯ ಕಡೆ ತಟ್ಟೆ ಒರೆಸುತ್ತಿದ್ದ ನೆಟ್ಟಿಗೆ ಎಲ್ಲ ಕೇಳುತ್ತಿತ್ತು. ಅವಳತ್ತ ಯಾರೂ ನೋಡಲಿಲ್ಲ.

ನಾನು ನೋಡಿದೆ. ತಟ್ಟೆ ಒಣಗಿದ್ದರೂ ಒರೆಸುತ್ತಲೇ ಇದ್ದಳು.

ಮಾರ್ಚ್ ೧೯

ಮೇಪಲ್ ಮರಗಳಲ್ಲಿ ಸಿಹಿನೀರು ಓಡುತ್ತಿದೆ. ಸಕ್ಕರೆಮನೆಯ ಒಲೆ ಹಚ್ಚಿದೆ. ಸೌದೆ ಒಡ್ಡಲು ಎಮರಿ ಇಲ್ಲ. ಪಾಕದ ಹದ ನೋಡುವುದು ಎಂದೂ ನೆಟ್ಟಿಯೇ. ಸೌಟು ಎತ್ತಿ ಓರೆ ಮಾಡಿ, ಅಂಚಿನಿಂದ ಹಾಳೆಯಂತೆ ಇಳಿಯುವುದನ್ನು ನೋಡಿ "ಸಾಕು" ಅನ್ನುತ್ತಾಳೆ. ಆ ಕ್ಷಣಕ್ಕೆ ಪಾಕವನ್ನು ಒಲೆಯಿಂದ ಎಳೆಯಬೇಕು. ಈ ಸಲ ಅವಳನ್ನು ಕರೆಯಲಿಲ್ಲ. ನನಗೇನು ಕಣ್ಣಿಲ್ಲವೇ?

ಇನ್ನೂ ಒಂದಿಷ್ಟು ಕುದಿಯಲಿ, ಇನ್ನೊಂದಿಷ್ಟು ಸಿಹಿಯಾಗಲಿ ಅಂತ ಬಿಟ್ಟೆ. ಸೀದು ಹೋಯಿತು. ಕೊಪ್ಪರಿಗೆಯ ತಳ ಕಪ್ಪಾಗಿ ಹಿಡಿದುಕೊಂಡಿದೆ. ಒಂದು ದಿನದ ಮರದ ನೀರೆಲ್ಲ ಹೊಗೆ.

ವಾಸನೆಗೆ ನೆಟ್ಟಿ ಓಡಿ ಬಂದಳು.  ಚಾಕು ತಂದು ಆ ಕಡೆಯಿಂದ ಕೆರೆಯತೊಡಗಿದಳು. ನಾನು ಈ ಕಡೆಯಿಂದ ಕೆರೆದೆ.

ಮಾರ್ಚ್ ೩೦

ಬ್ಯೂಲಾ ಬಂದಿದ್ದಳು. ಎಮರಿಯ ಕೋಟನ್ನೇ ಹಾಕಿಕೊಂಡಿದ್ದಾಳೆ, ತೋಳು ಮಡಚಿ.

"ಪದ್ಯ ಆಯ್ತಾ ಲೈಮನ್? ಅವನಿಗೆ ಆಸೆ ಇತ್ತು. 'ನನ್ನ ಪದ್ಯ ನಾನೊಬ್ನೇ ಕೇಳಕ್ಕಾಗಲ್ಲ, ಎಂಥ ಅನ್ಯಾಯ' ಅಂತಿದ್ದ."

ಆಗಿಲ್ಲ ಎನ್ನಲಿಲ್ಲ. ಆಗುವುದಿಲ್ಲ ಎನ್ನಬೇಕೆಂದಿದ್ದೆ, ಅಕ್ಕಾ. ನಿನ್ನ ಗಂಡ ನನ್ನನ್ನು ನನ್ನ ಊರಿನಲ್ಲೇ ಕುರುಡನನ್ನಾಗಿ ಮಾಡಿದ ಎನ್ನಬೇಕೆಂದಿದ್ದೆ. ಕೋಟಿನ ತೋಳು ನೋಡುತ್ತ ಕೂತೆ.

"ನೆಟ್ಟಿ, ನೀನೇ ಓದ್ಬೇಕಮ್ಮ" ಅಂದಳು. ನೆಟ್ಟಿ ಕತ್ತು ಮುಟ್ಟಿ ತೋರಿಸಿದಳು: "ಈ ದನಿ ನಿನ್ನ ಕಾಲ್ಬುಡಕ್ಕೂ ಮುಟ್ಟಲ್ಲ. ಪಾದ್ರಿಗಳು ಓದ್ಲಿ."

"ನಾ-ನಾ-ನಾನು ಓದ್ತೀನಿ."

ಇಬ್ಬರೂ ನನ್ನತ್ತ ತಿರುಗಿದರು. ನೆಟ್ಟಿ ನನ್ನ ಕಣ್ಣು ನೋಡಿದ್ದು ಫೆಬ್ರವರಿಯ ನಂತರ ಅದೇ ಮೊದಲು. ಅವಳ ಕೈಗೆ ಇನ್ನೊಂದು ಹಾಳೆ ಕೊಡಬಾರದೆಂದೇ ಹೇಳಿದ್ದು, ಮತ್ತೇನೂ ಅಲ್ಲ.

ಬ್ಯೂಲಾ ಹೋಗುವಾಗ ಬಾಗಿಲ ಬಳಿ ಎಮರಿಯ ಕೋಟನ್ನು ಒಮ್ಮೆ ಕೊಡವಿದಳು. ಹೊಟ್ಟು ಉದುರಿತು.

ಏಪ್ರಿಲ್ ೧೨

ಕೆಸರು. ಟ್ರಕ್ಕು ಗೇಟಿನ ಬಳಿ ಅಚ್ಚಿನವರೆಗೆ ಹೂತಿತು. ನೆಟ್ಟಿ ಹಲಗೆ ಹಿಡಿದಳು, ನಾನು ತಳ್ಳಿದೆ. 

ಏಪ್ರಿಲ್ ೨೩

ಹಸುಗಳ ಮುಂದೆ ಪದ್ಯ ಓದಿದೆ. ಒಂದು ಸಲವೂ ತೊದಲಲಿಲ್ಲ. ಕೊನೆ ಬರೆಯಲು ಆಗುತ್ತಿಲ್ಲ. ಸಿಟ್ಟಿನಿಂದ ಬರೆದೆ, ಹರಿದೆ. ಮತ್ತೆ ಬರೆದೆ:

ಅಳಬೇಡ ಬ್ಯೂಲಾ, ಆ ದೇವರ ತೋಟಕ್ಕೆ
ಬೇಕಿತ್ತು ನುರಿತೊಬ್ಬ ಆಳು;
ಮಣ್ಣ ಬಲ್ಲವನನ್ನು ಕರೆದನು ತನ್ನೆಡೆಗೆ,
ಅಲ್ಲುಂಟು ಮುಗಿಯದ ಬಾಳು.

ಇದು ನನ್ನದು. ಯಾರೂ ಮುಟ್ಟದ್ದು. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಹೋದೆ, ಬೇಕೆಂದೇ. ನೋಡೋಣ, ಕೈ ಹಾಕುತ್ತಾಳೋ ಎಂದು.

ಸಂಜೆ ಬಂದಾಗ ಹಾಳೆಯ ಮೇಲೆ ಉಪ್ಪಿನ ಡಬ್ಬಿ ಇಟ್ಟಿದ್ದಳು, ಗಾಳಿಗೆ ಹಾರದಿರಲೆಂದು. ಪೆನ್ನು ಇಟ್ಟಲ್ಲೇ ಇತ್ತು.

ಮೇ ೧೨

ನೆಲದ ಹೆಪ್ಪು ಬಿಟ್ಟಿದೆ. ಮಧ್ಯಾಹ್ನ ಸ್ಮಶಾನಕ್ಕೆ ಹೋದೆ. ರಾಸ್ಕೋ ಗುಂಡಿ ತೋಡುತ್ತಿದ್ದ, ಎಮರಿಯ ಸಲಿಕೆಯಲ್ಲೇ.

"ನೋಡಯ್ಯಾ, ಎಷ್ಟು ಸರಿ ಮಾಡಿದ್ರೂ ಅಂಚು ಸೊಟ್ಟ. ಅವನು ಬಂದು ನೋಡಿದ್ರೆ ಒದೀತಿದ್ದ." ಸಲಿಕೆ ನನ್ನ ಕೈಗೆ ಕೊಟ್ಟ. "ಹಿಡಿ ನೋಡು. ಹೆಬ್ಬೆರಳು ಸವೆಸಿ ಗುಳಿ ಬಿದ್ದಿದೆ. ಎಡಗೈಯವನ ಸಲಿಕೆ, ನನ್ನ ಬೆರಳು ಕೂರೋದೇ ಇಲ್ಲ."

ಹಿಡಿದು ನೋಡಿದೆ. ನನ್ನದೂ ಕೂರಲಿಲ್ಲ. ಮನೆಗೆ ಬಂದು ಕೊನೆಯ ನಾಲ್ಕು ಸಾಲಿನ ಮೇಲೆ ಎರಡು ಸಾಲು ಸೇರಿಸಿದೆ.

ಮೇ ೧೩

ಮುಗಿಯಿತು.

ಟ್ರಕ್ಕನ್ನು ಕಲ್ಲುಗೋಡೆಯ ಆಚೆ ನಿಲ್ಲಿಸಿದೆ. ನಾನು ಇಳಿದೆ. ನೆಟ್ಟಿ ಇಳಿಯಲಿಲ್ಲ. "ನಾನಿಲ್ಲೇ ಇರ್ತೀನಿ. ನಾನೆದುರಿಗಿದ್ರೆ ನಿನ್ನ ನಾಲಿಗೆ ಇನ್ನೂ ಕಟ್ಟತ್ತೆ" ಅಂದಳು. ಹೌದೋ ಅಲ್ಲವೋ, ನಾನು ಬಾ ಎನ್ನಲಿಲ್ಲ.

ಊರೆಲ್ಲ ಬಂದಿತ್ತು. ಗುಂಡಿಯ ಆಚೆ ಬದಿಗೆ ಬ್ಯೂಲಾ, ಎಮರಿಯ ಕೋಟು ಹಾಕಿ, ಅವನ ಸಲಿಕೆಗೆ ಊರಿ ನಿಂತಿದ್ದಳು. ನಾವು ಇಬ್ಬರೂ ಎಷ್ಟು ಹತ್ತಿರವಿದ್ದೆವೆಂದರೆ ಅವಳ ಉಸಿರು ಕೇಳುತ್ತಿತ್ತು. ಇಷ್ಟು ಹತ್ತಿರವೆಂದು ನನಗೆ ತಿಳಿದಿರಲಿಲ್ಲ.

ಓದಿದೆ. ಮೊದಲ ಪದಕ್ಕೇ ನಾಲಿಗೆ ಕಟ್ಟಿತು. ಯಾರೂ ಕೆಮ್ಮಲಿಲ್ಲ, ಯಾರೂ ನೆಲ ನೋಡಲಿಲ್ಲ, ಕಾದರು. ಒಂದೊಂದು ಸಾಲನ್ನೂ ಕೆಸರಿನಿಂದ ಗಾಲಿ ಎತ್ತುವಂತೆ ಎತ್ತಿದೆ. ನಿನ್ನೆ ಸೇರಿಸಿದ್ದಕ್ಕೆ ಬಂದೆ:

ನಿನ್ನ ಸಲಿಕೆಯ ಹಿಡಿಯಲ್ಲಿ ನಿನ್ನ ಹೆಬ್ಬೆರಳ ಗುಳಿ.
ಬೇರೆ ಬೆರಳು ಅದರಲ್ಲಿ ಕೂರುವುದಿಲ್ಲ.

ತಲೆಯೆತ್ತಿದೆ. ಬ್ಯೂಲಾಳ ಹೆಬ್ಬೆರಳು ಆ ಗುಳಿಯ ಮೇಲೆ ಆಡುತ್ತಿತ್ತು, ಮೆಲ್ಲಗೆ, ಹಸುವಿನ ಹಣೆ ಸವರುವ ಹಾಗೆ. ಕೆಳಗೆ ಹಾಳೆಯಲ್ಲಿ "ಅಳಬೇಡ ಬ್ಯೂಲಾ" ಎಂದಿತ್ತು. ಬಾಯಿ ತೆಗೆದೆ. "ಅ" ಕಟ್ಟಲಿಲ್ಲ, ಅಕ್ಕಾ. ಸಲೀಸಾಗಿ ತುಟಿಗೆ ಬಂದು ನಿಂತಿತ್ತು.

ಬಾಯಿ ಮುಚ್ಚಿದೆ. ಹಾಳೆ ಮಡಚಿ ರಾಸ್ಕೋಗೆ ಕೊಟ್ಟೆ. ಅವನು ಪೆಟ್ಟಿಗೆಯ ಮೇಲಿಟ್ಟ. ಬ್ಯೂಲಾ ತಾನೇ ಮೊದಲ ಮಣ್ಣು ಎಳೆದಳು. ನಾಲಿಗೆ ಕೈಕೊಟ್ಟಿತೆಂದು ಎಲ್ಲರೂ ಅಂದುಕೊಂಡಿರಬೇಕು. ರಾಸ್ಕೋ "ಇರ್ಲಿ ಬಿಡಯ್ಯಾ" ಎಂದು ಭುಜ ಹಿಡಿದ.

ಕ್ಷಮಿಸಿದೆ ಎಂದು ಇಲ್ಲಿ ಬರೆಯಲಾರೆ.  ಎಮರಿಗೆ ಹೇಳಬೇಕಾದದ್ದು ಹೇಳದೆಯೇ ಉಳಿಯಿತು. ಅವನ ಮೇಲೆ ಮಣ್ಣು ಬಿತ್ತು.

ಗೋಡೆ ದಾಟಿ ಟ್ರಕ್ಕಿಗೆ ಬಂದೆ. ನಾನು ಕೂರುತ್ತಿದ್ದ ಜಾಗದಲ್ಲೇ ನೆಟ್ಟಿ ಕೂತಿದ್ದಳು. ಗಾಳಿ ಕೊರೆಯುತ್ತಿತ್ತು, ಅವಳ ಮೂಗು ಕೆಂಪಗಾಗಿತ್ತು. ಎಂಜಿನ್ ಆರಿಸಿದ್ದಳು.

"ಹೇಗೆ ಮುಗಿಸ್ದೆ?" ಅಂದಳು.

"ಮು-ಮುಗಿಸ್ಲಿಲ್ಲ."

ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಹತ್ತಿ ಕೂತೆ. ಕಿಟಕಿಯ ಗಾಜು ಪೂರ್ತಿ ಇಳಿದಿತ್ತು.